ಕತ್ತರಿ ಹಾಕದ ವಿಡಿಯೋ

ಮಾರ್ಚ್ ೧೨, ಬುಧವಾರ

ಟ್ಯೂಷನ್ ಮಕ್ಕಳು ಈಗ ಹೋದರು. ಬೆರಳಲ್ಲಿ ಇನ್ನೂ ಚಾಕ್‌ಪೀಸಿನ ಪುಡಿ. ಅಕ್ಕನ ಮದುವೆ ವಿಡಿಯೋಕ್ಕೆ ಇವತ್ತು ಮೂರನೇ ಸ್ಟುಡಿಯೋದವನನ್ನೂ ಬೇಡ ಅಂದೆ. ಮಾನ್ವಿಯಲ್ಲಿ ಇನ್ನು ಯಾರೂ ಉಳಿದಿಲ್ಲ.

ಮೂವರೂ ತೋರಿಸಿದ್ದು ಒಂದೇ — ಮೂರು ನಿಮಿಷದ ಟ್ರೇಲರ್. ಹೊಗೆ, ಡ್ರೋನ್, ಹಿಂದೆ ಸಿನಿಮಾ ಹಾಡು. ಮದುಮಗಳು ನಿಧಾನಕ್ಕೆ ಕತ್ತು ತಿರುಗಿಸುತ್ತಾಳೆ. ಒಂದು ಮದುವೆ ಪೂರ್ತಿ ತೋರಿಸಿ ಅಂದರೆ ನನ್ನ ಮುಖ ನೋಡುತ್ತಾರೆ. ಮೂರು ನಿಮಿಷ ಚೆಂದ ಮಾಡುವುದು ಯಾರಿಗಾದರೂ ಬರುತ್ತದೆ. ಮೂರು ತಾಸು ಸುಳ್ಳು ಹೇಳದೆ ಇರುವುದು ಕಷ್ಟ.

ನಾನು ಮದುವೆ ವಿಡಿಯೋಗಳ ವಿರೋಧಿ. ಇಲ್ಲಿ ಬರೆದಿಡುತ್ತೇನೆ. ಮದುವೆ ಪ್ರದರ್ಶನವಲ್ಲ. ನನ್ನ ಟ್ರಂಕಿನಲ್ಲಿ ವರದಕ್ಷಿಣೆ, ಮೌಢ್ಯ, ಆಡಂಬರದ ವಿರುದ್ಧದ ನಲವತ್ತೊಂದು ಕರಪತ್ರಗಳಿವೆ, ಹನ್ನೊಂದು ಇದನ್ನೇ ಹೇಳುತ್ತವೆ. ಆದರೆ ಕಾವ್ಯಕ್ಕ ಕೇಳಿದ್ದು ಇದೊಂದೇ. "ಗಂಗಾ, ಉಳಿದದ್ದೆಲ್ಲ ನೀ ಹೇಳಿದಂಗ ಆಗಲಿ. ವಿಡಿಯೋ ಒಂದು ಇರಲಿ. ಆಯಿಗೆ ಕಣ್ಣು ಬಂದ ಮ್ಯಾಲ ನೋಡಬೇಕಲ್ಲ."

ಆಯಿ ಅಂದರೆ ಅಪ್ಪನ ತಾಯಿ ಬೂದೆಮ್ಮ. ಅವ್ವ ಹೋದ ಮೇಲೆ ನಮ್ಮಿಬ್ಬರನ್ನೂ ಸಾಕಿದವಳು. ಎರಡೂ ಕಣ್ಣಿಗೆ ಪೊರೆ. ಮುಂದಿನ ತಿಂಗಳು ಆಪರೇಷನ್.

ಅದಕ್ಕೇ ಒಪ್ಪಿದೆ. ಒಪ್ಪಿದ ಮೇಲೆ ಅರ್ಧಂಬರ್ಧ ಮಾಡುವವಳು ನಾನಲ್ಲ.

ರಾತ್ರಿ ಊಟದ ಹೊತ್ತಿಗೆ ಅಪ್ಪ ಹೇಳಿದ. ಗಂಡಿನ ಕಡೆಯ ದೇವದುರ್ಗದವರಿಗೆ ವಿಡಿಯೋ ಇಷ್ಟವಿಲ್ಲವಂತೆ. ಸರಳ ಇರಲಿ ಅಂದರಂತೆ. ನನಗೆ ಅವರ ಮೇಲಿದ್ದ ಗೌರವ ಇನ್ನೂ ಹೆಚ್ಚಾಯಿತು. ಇದುವರೆಗೆ ಬಂದ ನಾಲ್ಕು ಮನೆಯವರೂ ಬಂಗಾರ ಕೇಳಿ ಹೋದವರು. ಇವರು ಒಂದು ಗುಂಜಿಯನ್ನೂ ಕೇಳಲಿಲ್ಲ. ಹುಡುಗ ಕೊಟ್ರೇಶನ ತಾಯಿ ಚನ್ನಮಲ್ಲಮ್ಮ ತಾನೇ ಬಾಯಿಬಿಟ್ಟು ಹೇಳಿದಳು: "ಹುಡುಗಿ ಬಂದ್ರ ಸಾಕು."

ಅಕ್ಕ ಹಿಂದೆಮುಂದೆ ನೋಡಿದಳು. ಹುಡುಗ ಎಂಟು ವರ್ಷ ಕೃಷ್ಣಾ ದಾಟಿ ತೆಲಂಗಾಣದ ಕಡೆ ಅಕ್ಕಿ ಗಿರಣಿಯಲ್ಲಿದ್ದವನು. ಇಲ್ಲಿ ಯಾರಿಗೂ ಪರಿಚಯವಿಲ್ಲ. ಮಾತು ಕಡಿಮೆ. ಮೂರು ದಿನ ಅವಳ ಹಿಂದೆ ಬಿದ್ದು ಒಪ್ಪಿಸಿದವಳು ನಾನೇ. ವರದಕ್ಷಿಣೆ ಬೇಡ ಅನ್ನುವ ಮನೆಯನ್ನು ನಾವೇ ಬಿಟ್ಟರೆ ಯಾರ ಮೇಲೆ ಹೋರಾಟ?

ಮಾರ್ಚ್ ೧೬, ಭಾನುವಾರ

ಏಳರ ಬಸ್ಸಿಗೆ ರಾಯಚೂರು. ತೀನ್ ಕಂದೀಲ್ ಹತ್ತಿರದ ಗಲ್ಲಿ, ಮೆಟ್ಟಿಲು ಹತ್ತಿ ಸಣ್ಣ ಸ್ಟುಡಿಯೋ. ಮುಕರ್ರಂ ಮತ್ತು ಅವನ ತಂಗಿ ಮಿನಾಜ್. ಅವನು ಗಂಡಸರ ಕಡೆ ಹಿಡಿಯುತ್ತಾನೆ, ಅವಳು ಹೆಂಗಸರ ಕಡೆ. ಇಬ್ಬರಿಗೂ ರಂಜಾನಿನ ರೋಜಾ, ಉಪವಾಸ. ನನಗೆ ಚಹಾ ತರಿಸಿದರು. ಕುಡಿಯಲು ಸಂಕೋಚವಾಯಿತು, ಕುಡಿದೆ.

ಪೂರ್ತಿ ಮದುವೆ ತೋರಿಸಿ ಅಂದೆ. ತಕರಾರಿಲ್ಲದೆ ಹಾಕಿದ. ಮಟಮಾರಿಯ ಮದುವೆ, ಎರಡೂವರೆ ತಾಸು. ಹಂದರದೊಳಗೆ ಆಕಳು ನುಗ್ಗಿದ್ದೂ ಇತ್ತು. ಹುಡುಗಿಯ ಅಪ್ಪ ಕಂಬದ ಹಿಂದೆ ನಿಂತು ಟವೆಲ್ಲಿನಿಂದ ಕಣ್ಣು ಒರೆಸಿಕೊಂಡದ್ದೂ. ಇವನೇ ಸರಿ ಅಂದುಕೊಂಡೆ.

ರೇಟು ಹೇಳುವ ಮೊದಲು ಅವನೇ ಪ್ರಶ್ನೆ ಕೇಳಿದ — ಇಪ್ಪತ್ತು ವರ್ಷದ ಮೇಲೆ ಯಾರ ಮುಖ ನೋಡಬೇಕು ಅಂತ ಅನ್ನಿಸುತ್ತದೆ? ಎರಡೂ ಕಡೆ ಯಾರು ಯಾರಿಗೆ ಏನಾಗಬೇಕು, ಬರೆದು ಕೊಡಿ ಅಂದ. "ಹ್ವಾದ ವರ್ಷ ಒಂದು ಮದುವ್ಯಾಗ ಅಡಗಿ ಮಾಡಾವನ್ನ ಮದುಮಗನ ಅಪ್ಪ ಅಂತ ತಿಳಕೊಂಡೆ ಮೇಡಂ. ಇಡೀ ವಿಡಿಯೋದಾಗ ಅವನ ಅದಾನ. ಬೀಗರು ಇನ್ನೂ ಬೈತಾರ."

ನಾನು ಷರತ್ತು ಬರೆದುಕೊಂಡೇ ಹೋಗಿದ್ದೆ. ಹಾಡು ಹಾಕಬಾರದು, ಅಲ್ಲಿಯ ಸದ್ದೇ ಇರಬೇಕು. ಮದುಮಗ ಮದುಮಗಳು ಇಬ್ಬರ ಎದೆಗೂ ಬೆಳಗಿನಿಂದಲೇ ಸಣ್ಣ ಮೈಕು. ಹುಡುಗನ ಕಡೆಯದನ್ನೂ ಹುಡುಗಿಯ ಕಡೆಯಷ್ಟೇ ಹಿಡಿಯಬೇಕು, ಸಮಾನತೆ. ಕತ್ತರಿ ಹಾಕದ ಫೈಲುಗಳೆಲ್ಲ ನನಗೆ ಬೇಕು, ಅವನ ಬಳಿ ಎರಡು ಕಾಪಿ, ಎರಡು ಬೇರೆ ಜಾಗದಲ್ಲಿ. ನಮ್ಮ ಕಡೆಯಿಂದ — ಇಬ್ಬರಿಗೂ ಮೊದಲ ಪಂಕ್ತಿಯಲ್ಲೇ ಊಟ. ಹಸಿದವನ ಕೈ ನಡುಗುತ್ತದೆ, ಚಿತ್ರವೂ ನಡುಗುತ್ತದೆ. ಕೊನೆಯದು: ಯಾರು ಬಂದ್ ಮಾಡು ಅಂದರೂ ಕ್ಯಾಮೆರಾ ಬಂದ್ ಮಾಡಬಾರದು. ನಾನು ಹೇಳಿದರೆ ಮಾತ್ರ.

ಎರಡು ಸಲ ಓದಿದ. "ಇದು ಮದುವೀದೋ, ಕೋರ್ಟಿಂದೋ?" ಅಂದ. ಮಿನಾಜ್ ನಕ್ಕಳು. ಸಹಿ ಮಾಡಿದರು.

ಏಪ್ರಿಲ್ ೬, ಭಾನುವಾರ

ದೇವದುರ್ಗಕ್ಕೆ ಹೋಗಿ ಬಂದೆವು, ಅಪ್ಪ ಮತ್ತು ನಾನು. ಮುಕರ್ರಂಗೆ ಕೊಡಲು ಅವರ ಕಡೆಯವರ ಹೆಸರು ಬೇಕಿತ್ತು. ಚನ್ನಮಲ್ಲಮ್ಮ ನಾಲ್ಕೇ ಹೆಸರು ಹೇಳಿದಳು. ಅಷ್ಟು ದೊಡ್ಡ ಮನೆಗೆ ನಾಲ್ಕೇ ಜನ ನೆಂಟರು. ಮದುಮಗನ ಹಳೆ ಫೋಟೋ ಕೇಳಿದೆ, ವಿಡಿಯೋದ ಮೊದಲಿಗೆ ಹಾಕಲು. ಶಾಲೆಯವು ಎರಡು ಕೊಟ್ಟರು. ತೆಲಂಗಾಣದ ಎಂಟು ವರ್ಷದ್ದು ಒಂದೂ ಇಲ್ಲ.

"ನೀರಾಗ ಬಿದ್ದು ಹ್ವಾದುವು" ಅಂದಳು.

ಕೊಟ್ರೇಶನ ಕಾಕಾ ದುರುಗಪ್ಪ ಮಾತ್ರ ಬಿಗಿಯಾಗಿದ್ದ. ಮನೆಯ ವ್ಯವಹಾರವೆಲ್ಲ ಅವನದೇ. ನಮ್ಮ ಕಡೆ ಕ್ಯಾಮೆರಾ ಬೇಡ ಅಂದ. ನಾನು ಬಿಡಲಿಲ್ಲ. ಹೆಣ್ಣು ಅಳುವುದನ್ನು ಮಾತ್ರ ಹಿಡಿಯಬೇಕು, ಗಂಡಿನ ಕಡೆ ಮುಟ್ಟಬಾರದು — ಇದು ಯಾವ ನ್ಯಾಯ? ಕಾಲು ತಾಸು ಮಾತಾಡಿದೆ. ಅಪ್ಪ ನನ್ನ ಸೆರಗು ಜಗ್ಗುತ್ತಲೇ ಇದ್ದ. ಕೊನೆಗೆ ದುರುಗಪ್ಪ ನಕ್ಕುಬಿಟ್ಟ. "ನಿಮ್ಮ ಹುಡುಗಿ ವಕೀಲಕಿ ಆಗಬೇಕಿತ್ತು ವಿರೂಪಣ್ಣೋರ. ಆತು, ಬರಲಿ."

ಗೆದ್ದೆ.

ಮದುವೆ ನೋಂದಣಿಯ ಫಾರಂ ಕೊಟ್ಟು ಬಂದೆ. ಹುಡುಗನ ಆಧಾರ್ ಕೇಳಿದೆ. ಮದುವೆಯಾದ ಮೇಲೆ ನೋಡೋಣ ಅಂದರು.

ಏಪ್ರಿಲ್ ೧೫, ಮಂಗಳವಾರ

ಆಯಿಯ ಎರಡನೇ ಕಣ್ಣಿನ ಆಪರೇಷನ್ ಆಯಿತು. ಮೊದಲನೆಯದು ಸರಿಹೋಗಿಲ್ಲ, ಈ ಕಣ್ಣಿನ ಮೇಲೇ ಎಲ್ಲ. ಒಂದು ತಿಂಗಳು ಧೂಳು, ಹೊಗೆ, ಟಿ.ವಿ., ಮೊಬೈಲು ಬಂದ್. ಹಸಿರು ಬಟ್ಟೆ ಕಟ್ಟಿಕೊಂಡು ಮಂಟಪದ ಮೂಲೆಯಲ್ಲಿ ಕೂರುತ್ತಾಳಂತೆ. "ಕಿವಿ ಅದಾವಲ್ಲ" ಅಂದಳು.

ಮುಕರ್ರಂ ಜೊತೆ ಕಲ್ಯಾಣ ಮಂಟಪ ನೋಡಿದೆ, ಮುಹೂರ್ತದ ಹೊತ್ತಿಗೇ. ಹನ್ನೊಂದು ಗಂಟೆಗೆ ಹಿಂದಿನ ಕಿಟಕಿಯಿಂದ ಬಿಸಿಲು ನೇರ ಹೊಡೆಯುತ್ತದೆ, ಮುಖಗಳು ಕಪ್ಪಾಗುತ್ತವೆ. ಕಿಟಕಿಗೆ ಪರದೆ ಹಾಕಿಸಿದೆ. ಇಷ್ಟು ಯಾರೂ ನೋಡುವುದಿಲ್ಲ ಮೇಡಂ ಅಂದ.

ಏಪ್ರಿಲ್ ೨೦, ಭಾನುವಾರ

ಮುಹೂರ್ತಕ್ಕೆ ಅಕ್ಕಿಕಾಳು ಬಿದ್ದವು, ಅಕ್ಕನ ಮದುವೆ ಆಯಿತು. ಅಕ್ಕನ ಕೈ ತಣ್ಣಗಿತ್ತು. ಕೊಟ್ರೇಶ ಒಂದು ಸಲವೂ ಕ್ಯಾಮೆರಾ ನೋಡಲಿಲ್ಲ. ನಾಚಿಕೆ ಅಂತ ಎಲ್ಲರೂ ನಕ್ಕರು.

ಮನೆ ಖಾಲಿ. ಬರೆಯಲು ಆಗುತ್ತಿಲ್ಲ.

ಏಪ್ರಿಲ್ ೨೬, ಶನಿವಾರ

ರಾಯಚೂರು. ಬೆಳಗಿನಿಂದ ಸಂಜೆವರೆಗೆ ಸ್ಟುಡಿಯೋದಲ್ಲಿ ಕೂತು ಫೈಲು ನೋಡಿದೆ. ಒಳ್ಳೆಯ ಕೆಲಸ. ಅರಿಶಿನದ ದಿನ ಅಕ್ಕ ಸೀನಿದ್ದೂ ಇದೆ. ಆಯಿ ಹಸಿರು ಬಟ್ಟೆಯ ಕೆಳಗೆ ತುಟಿ ಅಲ್ಲಾಡಿಸುತ್ತ ಮಂತ್ರ ಕೇಳುತ್ತಿರುವುದು ಇದೆ — ಅದನ್ನು ಎರಡು ಸಲ ಹಾಕಿಸಿಕೊಂಡು ನೋಡಿದೆ.

ದೇವದುರ್ಗದ ಮನೆ ತುಂಬುವುದು. ಅಕ್ಕ ಹೊಸ್ತಿಲಿಗೆ ಎಡಗಾಲು ಇಟ್ಟುಬಿಟ್ಟಳು! ಚಿಕ್ಕಂದಿನಿಂದ ಅವಳದು ಹಾಗೇ. ಆಯಿ ಎಷ್ಟು ಬೈದರೂ ಎಡಗಾಲೇ ಮೊದಲು. ಚನ್ನಮಲ್ಲಮ್ಮನ ಮುಖ ಬಿಳಿಚಿತು. ತೋಳು ಹಿಡಿದು ಹೊರಗೆ ಎಳೆದು, ಮತ್ತೆ ಬಲಗಾಲಲ್ಲಿ ಕರೆದುಕೊಂಡಳು. ಇಷ್ಟಕ್ಕೆ ಅಷ್ಟು ಹೆದರಿಕೆ ಯಾಕೋ.

ಆದರೆ ಎಲ್ಲಕ್ಕಿಂತ ದೊಡ್ಡದು ಹದಿನೇಳನೇ ಫೈಲು. ಮದುವೆಯ ದಿನ ನಸುಕಿನಲ್ಲಿ ಮದುಮಗನ ಕಡೆಯವರು ದೇವರಿಗೆ ಅಂತ ಹೊರಟರಲ್ಲ, ಹೋದದ್ದು ಮಾನ್ವಿ ಹೊರಗಿನ ಕಾಲುವೆ ದಂಡೆಗೆ. ಕೊಟ್ರೇಶ, ದುರುಗಪ್ಪ, ಮಂತ್ರ ಹೇಳಲು ಒಬ್ಬ ಅಯ್ಯನೋರು. ಮುಕರ್ರಂ ಹಿಂದೆ ಹೋಗಿದ್ದಾನೆ. ದುರುಗಪ್ಪ ಬಂದ್ ಮಾಡು ಅಂದನಂತೆ. "ನಿಮ್ಮ ಕಾಗದದಾಗ ಬ್ಯಾಡ ಅಂತ ಇತ್ತಲ್ಲ ಮೇಡಂ. ಕಾರಿನ ಬಾನೆಟ್ ಮ್ಯಾಲ ಇಟ್ಟು ನಾ ದೂರ ಹೋಗಿ ನಿಂತೆ. ನಿಮ್ಮ ಶಾಸ್ತ್ರ, ನಾ ಯಾಕ ನೋಡಲಿ."

ಹನ್ನೊಂದು ನಿಮಿಷ. ದಂಡೆಯ ಮೇಲೆ ಒಂದು ಎಕ್ಕೆ ಗಿಡ. ಅದಕ್ಕೆ ಅರಿಶಿನ ಹಚ್ಚಿ, ಹೊಸ ಕುಪ್ಪಸದ ಬಟ್ಟೆ ಉಡಿಸಿದ್ದಾರೆ. ಕೊಟ್ರೇಶ ಗಿಡಕ್ಕೆ ತಾಳಿ ಕಟ್ಟುತ್ತಾನೆ! ಅಕ್ಕಿಕಾಳು ಹಾಕುತ್ತಾರೆ. ಆಮೇಲೆ ದುರುಗಪ್ಪ ಕುಡಗೋಲಿನಿಂದ ಗಿಡವನ್ನು ಬುಡಕ್ಕೆ ಕಡಿದು ಹಾಕುತ್ತಾನೆ. ಕಾಲುವೆ ನೀರಿನ ಸದ್ದಿನಲ್ಲಿ ಮಾತು ಒಂದೂ ತಿಳಿಯುವುದಿಲ್ಲ.

ಇಪ್ಪತ್ತೊಂದನೇ ಶತಮಾನ. ಗಿಡಕ್ಕೆ ತಾಳಿ. ಇದರ ಮೇಲೆ ನಾನೇ ಒಂದು ಕರಪತ್ರ ಬರೆಯಬೇಕು. ಆ ತುಣುಕನ್ನು ಫೋನಿಗೆ ಹಾಕಿಸಿಕೊಂಡೆ, ಬಸ್ಸಿನಲ್ಲಿ ಕೂತು ಅಕ್ಕನಿಗೆ ಕಳಿಸಿದೆ. ಕೆಳಗೆ ಬರೆದೆ: "ನಿನಗಿಂತ ಮೊದಲೇ ಒಬ್ಬಾಕಿ ಇದ್ಲು ನೋಡು, ಸವತಿ. ನಿನ್ನ ಗಂಡನ್ನ ಕೇಳು."

ಅಕ್ಕ ನಗುವ ಮುಖ ಕಳಿಸಿದಳು. "ಇವರಿಗೆ ತೋರಸ್ತೀನಿ ತಡಿ."

ಏಪ್ರಿಲ್ ೨೮, ಸೋಮವಾರ

ಅಕ್ಕನ ಫೋನ್ ಸ್ವಿಚ್ ಆಫ್. ನಿನ್ನೆಯೂ.

ಮೇ ೪, ಭಾನುವಾರ

ಅಪ್ಪ ಹೊಸ ಮದುಮಗಳನ್ನು ತವರಿಗೆ ಕರೆಯಲು ಬುಟ್ಟಿ ತೆಗೆದುಕೊಂಡು ದೇವದುರ್ಗಕ್ಕೆ ಹೋಗಿದ್ದ. ಒಬ್ಬನೇ ಬಂದ. ಆಷಾಢಕ್ಕೆ ಕಳಿಸುತ್ತಾರಂತೆ. ಅಕ್ಕನ ಫೋನ್ ಬಾವಿಗೆ ಬಿತ್ತಂತೆ. ಅಕ್ಕನನ್ನು ನೋಡಿದೆಯಾ ಅಂದೆ. ನೋಡಿದೆ, ನಡುಮನೆಯಲ್ಲಿ ನಿಂತಿದ್ದಳು, ಅಂದ. ಮಾತಾಡಿದಳಾ? ಅಪ್ಪ ಬುಟ್ಟಿಯ ಬಟ್ಟೆ ಮಡಿಸುತ್ತ ಕೂತ.

ಇವರ ಮನೆಯಲ್ಲಿ ಎಲ್ಲವೂ ನೀರಿಗೆ ಬೀಳುತ್ತದೆ.

ಸಂಜೆ ಚನ್ನಮಲ್ಲಮ್ಮನ ಫೋನಿನಿಂದ ಅಕ್ಕನೇ ಮಾತಾಡಿದಳು. ಸ್ಪೀಕರ್ ಹಾಕಿದ್ದು ಗೊತ್ತಾಗುತ್ತಿತ್ತು, ಹಿಂದೆ ಯಾರೋ ಕೆಮ್ಮಿದರು. ಆರಾಮ ಅದೀನಿ ಅಂದಳು. ನಾನು ಏನೂ ಕೇಳದಿದ್ದಾಗಲೂ ಇನ್ನೆರಡು ಸಲ ಅಂದಳು. ಆಮೇಲೆ, "ಗಂಗಾ, ಆ ವಿಡಿಯೋ ಯಾರಿಗೂ ಕಳಿಸಬ್ಯಾಡ ಅಂತ ಇವರು ಹೇಳ್ಯಾರ."

ಅವರು ನಾಚಿಕೊಂಡಿದ್ದಾರೆ. ಮೌಢ್ಯ ಹೊರಗೆ ಬಂತು ಅಂತ. ಹಾಗೆಯೇ ಅಂದುಕೊಳ್ಳುತ್ತೇನೆ.

ಮೇ ೯, ಶುಕ್ರವಾರ

ಮುಕರ್ರಂ ಫೋನ್. ದುರುಗಪ್ಪ ಇನ್ನಿಬ್ಬರ ಜೊತೆ ಸ್ಟುಡಿಯೋಗೆ ಬಂದಿದ್ದನಂತೆ. ಜಗಳವಿಲ್ಲ, ದನಿಯೂ ಎತ್ತಲಿಲ್ಲ. ಮೆಟ್ಟಿಲ ಬಾಗಿಲು ಹಾಕಿಕೊಂಡು ಕೂತನಂತೆ. ಮದುವೆಯದು ನಿಮ್ಮ ಪಾಡಿಗೆ ಮಾಡಿ ಕೊಡಿ, ನಮ್ಮ ಕಡೆಯ ಬೆಳಗಿನದು ನಮ್ಮ ಎದುರೇ ಅಳಿಸಿ ಅಂದನಂತೆ. ಅಳಿಸಿದ. ಎರಡನೇ ಕಾಪಿ ಮಿನಾಜಳ ಬೀರುವಿನಲ್ಲಿದೆ, ಅದನ್ನು ಹೇಳಲಿಲ್ಲ.

"ಮೇಡಂ, ಗಿಡದ ವಿಡಿಯೋಕ್ಕ ಇಷ್ಟ್ಯಾಕ?" ಅಂದ.

ನನಗೂ ಗೊತ್ತಿಲ್ಲ. ಟ್ರಂಕು ತೆಗೆದು ಎಲ್ಲ ಕರಪತ್ರ ಹರಡಿದೆ. ಮೌಢ್ಯದ ಬಗ್ಗೆ ಒಂಬತ್ತು. ಗಿಡದ ಮದುವೆ ಮೂರರಲ್ಲಿ ಬರುತ್ತದೆ. ಮೂರರಲ್ಲೂ ಬರೀ ಬೈಗುಳ. ಯಾಕೆ ಮಾಡುತ್ತಾರೆ ಅಂತ ಒಂದರಲ್ಲೂ ಇಲ್ಲ.

ಆಯಿಯನ್ನು ಕೇಳಬಹುದು. ಆದರೆ ಅವಳ ಶಾಸ್ತ್ರಗಳನ್ನೆಲ್ಲ ಆಡಿಕೊಂಡು ಬಂದವಳು ನಾನು. ಈಗ ಹೋಗಿ ಕೇಳುವುದು…

ಕಣ್ಣು ಬರಲಿ. ಹೇಗೂ ವಿಡಿಯೋ ನೋಡುತ್ತಾಳೆ.

ಮೇ ೧೮, ಭಾನುವಾರ, ಮಧ್ಯಾಹ್ನ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಇವತ್ತು ಆಯಿಗೆ ವಿಡಿಯೋ ತೋರಿಸಿದೆ. ಹೊಸ ಕಣ್ಣಿನಲ್ಲಿ ಮೊದಲು ನೋಡುವುದು ಕಾವ್ಯಾಳ ಮದುವೆಯೇ ಅಂತ ಹಟ ಹಿಡಿದಿದ್ದಳು. ಫೋನನ್ನು ಮೂಗಿಗೆ ಹತ್ತಿರ ಹಿಡಿದು ನಗುತ್ತಿದ್ದಳು. ಅವನ ಕಿವಿ ದೊಡ್ಡವು, ಇವಳು ತೆಳ್ಳಗಾಗಿದ್ದಾಳೆ, ಅಂತೆಲ್ಲ. ಆಮೇಲೆ ಆ ಫೈಲು ಹಾಕಿದೆ. ಸುಮ್ಮನೆ ಹಾಕಿದಂತೆ ಹಾಕಿದೆ.

ತಾಳಿ ಕಟ್ಟುವಾಗ ನಗು ನಿಂತಿತು. ಗಿಡ ಕಡಿಯುವವರೆಗೂ ನೋಡಿದಳು. ಫೋನನ್ನು ಕೆಳಗಿಟ್ಟು ಕೇಳಿದಳು, "ಇದು ಯಾರು ಮಾಡಿಸ್ಯಾರ?"

ಅವರ ಕಡೆಯವರು ಅಂದೆ.

"ಇದು ಮೂರನೇ ಮದುವಿಗೆ ಮಾಡೋದು ಬೇ."

ನನಗೆ ತಿಳಿಯಲಿಲ್ಲ. ಆಯಿ ಮಕ್ಕಳಿಗೆ ಹೇಳಿದಂತೆ ನಿಧಾನವಾಗಿ ಹೇಳಿದಳು. ಇಬ್ಬರು ಹೆಂಡರು ಹೋದವನಿಗೆ ಮೂರನೆಯವಳೂ ಉಳಿಯುವುದಿಲ್ಲ ಅಂತ ಹೆದರಿಕೆ. ಅದಕ್ಕೆ ಮೂರನೇ ತಾಳಿ ಎಕ್ಕೆ ಗಿಡಕ್ಕೆ ಕಟ್ಟಿಸಿ, ಹುಡುಗಿಯನ್ನು ನಾಲ್ಕನೆಯವಳು ಮಾಡುತ್ತಾರೆ. "ಅವಳ ಪಾಲಿನ ಸಾವು ಗಿಡ ತಗೊಳ್ಳಲಿ ಅಂತ ಕಡೀತಾರ. ಗಿಡ ಸಾಯಬೇಕು, ಹುಡುಗಿ ಉಳೀಬೇಕು."

ಇಬ್ಬರೂ ಬಿಟ್ಟು ಹೋಗಿರಬಹುದು ಅಂದೆ.

"ಬಿಟ್ಟು ಹ್ವಾದಾಕಿ ಇದ್ದಿದ್ರ ಮಂಟಪಕ್ಕ ಬಂದು ಜಗಳ ತಗೀತಿದ್ಲು. ಯಾರೂ ಬರಲಿಲ್ಲಲ್ಲ."

ಬಂಗಾರ ಬೇಡ. ಹುಡುಗಿ ಬಂದರೆ ಸಾಕು. ವಿಡಿಯೋ ಬೇಡ. ನೆಂಟರು ನಾಲ್ಕೇ ಜನ. ಫಾರಂ ಆಮೇಲೆ. ಎಲ್ಲ ನನ್ನ ಎದುರೇ ಇತ್ತು. ನಾನು ಅದಕ್ಕೆ ಸರಳ ವಿವಾಹ ಅಂತ ಹೆಸರಿಟ್ಟೆ.

ಆಮೇಲೆ ಅಕ್ಕನ ಕೈಗೆ ಆ ವಿಡಿಯೋ ಕೊಟ್ಟು, ಗಂಡನನ್ನು ಕೇಳು ಅಂದೆ. ಸವತಿ ಅಂದೆ. ತಮಾಷೆಗೆ. ಅವರಿಗೆ ಅದು ತಮಾಷೆಯಾಗಿ ಕೇಳಿರುವುದಿಲ್ಲ. ನಮಗೆಲ್ಲ ಗೊತ್ತಾಗಿದೆ ಅಂದುಕೊಂಡಿದ್ದಾರೆ.

ಅಪ್ಪ ಗೋಡೆಗೆ ಒರಗಿ ಕೂತಿದ್ದಾನೆ. ಮಹಿಳಾ ಸಹಾಯವಾಣಿಗೆ ಹೇಳಿದೆ. ವಿಳಾಸ ಬರೆದುಕೊಂಡರು, ನಾಳೆ ಮಧ್ಯಾಹ್ನದೊಳಗೆ ದೇವದುರ್ಗಕ್ಕೆ ಬರುತ್ತಾರಂತೆ. ಮುಕರ್ರಂಗೆ ಫೋನ್ ಮಾಡಿದೆ. "ಬರ್ರಿ. ಮೈಕಿನ ಫೈಲು ಬ್ಯಾರೆ ಅದ, ನಾವು ಕೇಳೇ ಇಲ್ಲ" ಅಂದ.

ಮೇ ೧೯, ಸೋಮವಾರ, ೬.೨೦

ಕಾಲುವೆ ದಂಡೆಗೆ ಹೋಗಿದ್ದೆ. ಯಾಕೆ ಅಂತ ಕೇಳಬೇಡ.

ಗದ್ದೆ ಕೊಯ್ದಾಗಿದೆ. ಕುಪ್ಪಸದ ಬಟ್ಟೆಯ ಚೂರು ಮಣ್ಣಿನಲ್ಲಿ ಅರ್ಧ ಹೂತಿತ್ತು, ಅದರಿಂದ ಜಾಗ ಗೊತ್ತಾಯಿತು. ಬುಡ ಇದೆ. ಬುಡದ ಸುತ್ತ ಚಿಗುರು, ಐದೋ ಆರೋ, ಗೇಣುದ್ದ, ದಪ್ಪ ಎಲೆ.

ಗಿಡ ಸತ್ತಿಲ್ಲ.

ಇದು ಎಕ್ಕೆ. ಕಡಿದರೆ ಚಿಗುರುತ್ತದೆ. ಅದು ಸಸ್ಯಶಾಸ್ತ್ರ. ಇದಕ್ಕೂ ಅಕ್ಕನಿಗೂ ಯಾವ ಸಂಬಂಧವೂ ಇಲ್ಲ. ಜೋರಾಗಿ ಹೇಳಿಕೊಂಡೆ. ಹೇಳುತ್ತಲೇ ಕೂತು ಒಂದೊಂದೇ ಚಿಗುರು ಕಿತ್ತೆ. ಬೇರು ಬರಲಿಲ್ಲ. ಕಲ್ಲಿನಿಂದ ಜಜ್ಜಿದೆ. ಕೈತುಂಬ ಹಾಲು. ಈಗ ಪುಟಕ್ಕೂ ಅಂಟಿದೆ. ತೊಳೆದರೆ ಹೋಗುತ್ತಿಲ್ಲ.

ಮೇ ೧೯, ೯.೪೫

ಸ್ಟುಡಿಯೋ. ಕೇಳಿದೆವು.

ಮೈಕು ಕೊಟ್ರೇಶನ ಎದೆಯ ಮೇಲೇ ಇತ್ತು. ರೂಮಿನಲ್ಲಿ ಬಟ್ಟೆ ಹಾಕಿಕೊಳ್ಳುವಾಗ ಮುಕರ್ರಂ ಸಿಕ್ಕಿಸಿದ್ದು, ಕೊಟ್ರೇಶ ಮರೆತೇಬಿಟ್ಟಿದ್ದ. ಮುಕರ್ರಂ ನೀರಿನ ಸದ್ದು ಅಡಗಿಸಿ ಫೈಲು ಹಾಕಿದ. ಮಂತ್ರ. ಕುಡಗೋಲಿನ ಏಟು. ಆಮೇಲೆ ದುರುಗಪ್ಪ, ಹತ್ತಿರದಿಂದ: "ಆತು. ಇನ್ನ ಈಕಿ ನಾಲ್ಕನೇದಾಕಿ. ಏನೂ ಆಗಂಗಿಲ್ಲ."

ಆಮೇಲೆ ಕೊಟ್ರೇಶ.

"ಎರಡನೇ ಸಲನೂ ಹಿಂಗ ಅಂದಿದ್ದಿ ಕಾಕಾ."

ಮಿನಾಜ್ ಎದ್ದು ಹೋಗಿ ಕ್ಯಾಮೆರಾ ಚೀಲ ತಂದಳು.

ಉಪಾಯ ಅವಳದೇ. ಎಡಿಟ್ ಆದ ಮದುವೆ ಪೆನ್‌ಡ್ರೈವಿನಲ್ಲಿದೆ, ಅದನ್ನು ಕೊಡಲು ಬಂದೆವು ಅನ್ನುವುದು. ಕೊನೆಗೆ ಹಾಕಲು ಮದುಮಗಳ ಎರಡು ಮಾತು ಬೇಕು ಅಂತ ಅವಳು ಒಳಗೆ ಹೋಗುವುದು. ಮದುವೆಯಲ್ಲಿ ಇಡೀ ದಿನ ಅಕ್ಕನ ಪಕ್ಕದಲ್ಲಿದ್ದವಳು, ಅನುಮಾನ ಬರುವುದಿಲ್ಲ. ಮುಕರ್ರಂ ಮತ್ತು ಅಪ್ಪ ಪಡಸಾಲೆಯಲ್ಲಿ. ನಾನು ಕಾರಿನಲ್ಲಿ. ನನ್ನನ್ನು ನೋಡಿದರೆ ಬಾಗಿಲೇ ತೆಗೆಯುವುದಿಲ್ಲ.

ಹೊರಡುವಾಗ ಮಿನಾಜ್ ಕೇಳಿದಳು, "ಷರತ್ತು ಹಳೇದ ಏನ್ರಿ?"

ಹಳೆಯದೇ. ನಿಲ್ಲಿಸಬಾರದು. ನಾನು ಹೇಳಿದರೆ ಮಾತ್ರ.

ಮೇ ೧೯, ೧೧.೧೫

ಗಬ್ಬೂರು ದಾಟಿದೆವು. ಅಪ್ಪ ಈಗ ಅಂದ: "ನೀ ಹೇಳಿದಿ ಅಂತ ನಾ ಒಪ್ಪಲಿಲ್ಲ ಗಂಗಾ. ಬಂಗಾರ ಕೇಳಲಿಲ್ಲಲ್ಲ ಅಂತ ಒಪ್ಪಿದೆ."

ರಸ್ತೆಯ ಎರಡೂ ಬದಿ ಎಕ್ಕೆ. ಇಷ್ಟಿದ್ದವು ಅಂತ ಗೊತ್ತೇ ಇರಲಿಲ್ಲ.

ಮೇ ೧೯, ೧೨.೦೫

ದೇವದುರ್ಗ. ಬೇವಿನ ಮರದ ಕೆಳಗೆ ಕಾರು. ಬಾಗಿಲು ಕಾಣುತ್ತದೆ. ಚನ್ನಮಲ್ಲಮ್ಮ ತೆಗೆದಳು. ಮೂವರೂ ಒಳಗೆ ಹೋದರು. ಬಾಗಿಲು ಹಾಕಿಕೊಂಡಿತು.

೧೨.೨೦

ಏನೂ ಇಲ್ಲ. ಸಹಾಯವಾಣಿಯವರು ಇನ್ನೂ ಒಂದು ತಾಸು ಅನ್ನುತ್ತಿದ್ದಾರೆ.

೧೨.೨೮

ಒಳಗೆ ಮದುವೆ ವಿಡಿಯೋ ಹಾಕಿದ್ದಾರೆ. ಓಲಗದ ಸದ್ದು ಬೀದಿಯವರೆಗೂ ಬರುತ್ತಿದೆ. ಯಾರೋ ಸದ್ದು ಹೆಚ್ಚು ಮಾಡಿದರು. ಇಷ್ಟು ಜೋರು ಯಾಕೆ?

೧೨.೩೪

ಓಲಗ ನಿಂತಿತು. ನಡುವೆಯೇ.

೧೨.೩೬

ಬಾಗಿಲು ತೆರೆಯಿತು. ಮಿನಾಜ್. ಹಿಂದೆ ಹಿಂದೆ ಹೆಜ್ಜೆ ಇಡುತ್ತ ಬರುತ್ತಿದ್ದಾಳೆ, ಕ್ಯಾಮೆರಾ ಮನೆಯ ಕಡೆಗೇ ಹಿಡಿದಿದ್ದಾಳೆ. ಕೆಂಪು ದೀಪ ಉರಿಯುತ್ತಿದೆ. ನಿಲ್ಲಿಸಿಲ್ಲ. ಅಪ್ಪ, ಮುಕರ್ರಂ ಕಾಣುತ್ತಿಲ್ಲ. ಬಾಗಿಲಲ್ಲಿ ಒಬ್ಬ ಹೆಂಗಸು, ಹಸಿರು ಸೀರೆ, ತಲೆಯ ಮೇಲೆ ಸೆರಗು, ಮುಖ ನೆರಳಲ್ಲಿ. ಹಿಂದಿನಿಂದ ಯಾರದೋ ಕೈ ಅವಳ ತೋಳಿನ ಮೇಲೆ. ಅಕ್ಕನಾ, ಚನ್ನಮಲ್ಲಮ್ಮನಾ? ಅಕ್ಕನಾದರೆ ಎಡಗಾಲು. ಕೈ ಬಿಡಿಸಿಕೊಂಡಳು. ಹೊಸ್ತಿಲ ಮೇಲೆ ಕಾಲು ಎತ್ತಿದಳು, ಅದು ಎಡಗಾಲು.